ಓದೋ ಸ್ಲೇಟಿನ ಸೂತಕ

ಹಿಂದಿನ ಕಾಲದಲ್ಲಿ ರಾಜಕುಮಾರರು ಏಳು ಸಮುದ್ರ ದಾಟಿ, ಏಳು ಸುತ್ತಿನ ಕೋಟೆ ಹತ್ತಿ, ಪಂಜರದ ಗಿಣಿಯನ್ನು ತಂದು ಕಾಯಿಲೆ ಬಿದ್ದ ರಾಣಿಯ ಕೈಗೆ ಕೊಡುತ್ತಿದ್ದರಂತೆ. ದಾರಿಯಲ್ಲಿ ಯಾವ ರಾಜಕುಮಾರನೂ ನಿಂತು, "ಈ ಪಂಜರ ಮಾಡಿದ ಕಮ್ಮಾರನಿಗೆ ಕೂಲಿ ಸರಿಯಾಗಿ ಕೊಟ್ಟಿದ್ದಾರೆಯೆ? ಈ ಗಿಣಿಗೆ ಬೇರೆ ಮರದ ಹಣ್ಣು ತಿನ್ನುವ ಸ್ವಾತಂತ್ರ್ಯ ಉಂಟೆ?" ಎಂದು ವಿಚಾರಿಸಿದ್ದು ಯಾವ ಅಜ್ಜಿಯ ಕಥೆಯಲ್ಲೂ ಬಂದಿಲ್ಲ. ವಿಚಾರಿಸಿದ್ದರೆ ರಾಣಿ ಸತ್ತು, ಗಿಣಿ ಮುದಿಯಾಗಿ, ಅಜ್ಜಿಗೂ ನಿದ್ದೆ ಬಂದುಬಿಡುತ್ತಿತ್ತು. ಆದ್ದರಿಂದ ಮೊಟ್ಟಮೊದಲು ವಿಚಾರಿಸಿದ ಕೀರ್ತಿ ಅಡ್ಯಾರಿನ ಪಂಢರಿನಾಥನಿಗೇ ಸಲ್ಲಬೇಕು.

ಪಂಢರಿನಾಥನ ಮನೆತನ ಮದರಾಸಿಗೆ ಬಂದು ಮೂರು ತಲೆಮಾರಾಗಿತ್ತು. ಮನೆಯಲ್ಲಿ ಹೆಂಡತಿ ಜಯಲಕ್ಷ್ಮೀ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಮಗಳು ಅಕ್ಷಯಾ, ಮತ್ತು ಸೋದರತ್ತೆ ಸುಗುಣತ್ತೆ. ಪ್ರತಿ ವರ್ಷ ಚಾತುರ್ಮಾಸ್ಯದ ನಾಲ್ಕು ತಿಂಗಳೂ ಮಧ್ಯಾಹ್ನದ ಊಟವಾದ ಮೇಲೆ ಸುಗುಣತ್ತೆ ಹಾಲಿನಲ್ಲಿ ಮಣೆ ಹಾಕಿಕೊಂಡು ಪುರಾಣ ಓದುತ್ತಿದ್ದರು. ಆ ಫ್ಲ್ಯಾಟುಗಳಲ್ಲಿ ಕನ್ನಡ ಬರುವ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಕನ್ನಡ ಬಾರದ ಇಬ್ಬರು ಮೂವರು ಫ್ಯಾನಿನ ಕೆಳಗಿನ ಜಾಗಕ್ಕಾಗಿ ಬರುತ್ತಿದ್ದರು. ಗಂಡ ಹೋದ ಮೇಲೆ ಆಕೆಗೆ ಉಳಿದಿದ್ದ ರಾಜ್ಯ ಅದೊಂದೇ, ಸಿಂಹಾಸನ ಆ ಮಣೆ.

ಈ ವರ್ಷ ರಾಜ್ಯಕ್ಕೆ ಆಪತ್ತು ಬಂತು. ಪುಸ್ತಕದ ಒತ್ತಕ್ಷರಗಳು ಇರುವೆಗಳಾಗಿ ಸಾಲು ಬಿಟ್ಟು ಓಡಾಡತೊಡಗಿದವು. ಕಣ್ಣಿನ ಡಾಕ್ಟರು, "ಅಕ್ಷರ ದಪ್ಪ ಇರಬೇಕು, ಫೋನಿನ ಹಾಗೆ ಕಣ್ಣಿಗೆ ಚುಚ್ಚಬಾರದು. ಇ-ರೀಡರ್ ಅಂತ ಬರುತ್ತೆ, ಕಾಗದದ ಥರಾನೇ ಕಾಣುತ್ತೆ, ಅದನ್ನ ತೆಗೆದುಕೊಡಿ" ಎಂದರು. ಸುಗುಣತ್ತೆ ಅದಕ್ಕೆ ಅಲ್ಲೇ 'ಓದೋ ಸ್ಲೇಟು' ಎಂದು ನಾಮಕರಣ ಮಾಡಿದರು. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಬಿ ಬ್ಲಾಕಿನ ಶಿವಲಿಂಗಮ್ಮ ಹೊಸದಾಗಿ ಒಂದು ಸ್ಪೀಕರ್ ಕೊಂಡಿದ್ದರು.

"ಕಣ್ಣಿಗ್ ಯಾಕ್ ಅಷ್ಟು ತೊಂದ್ರೆ ಕೊಡ್ತೀರಿ ಅಮ್ಮಾವ್ರೇ? ನಮ್ ಸ್ಪೀಕರ್‌ನಾಗೆ ಪುರಾಣ ಅದರಷ್ಟಕ್ಕೆ ಅದೇ ಬತ್ತದೆ. ಕೆಮ್ಮೂ ಇಲ್ಲ, ನೀರ್ ಕುಡಿಯೋದೂ ಇಲ್ಲ" ಎಂದು ಆಕೆ ತುಂಬಾ ಪ್ರೀತಿಯಿಂದಲೇ ಹೇಳಿದ್ದರು. ಸಿಂಹಾಸನ ಕಸಿಯುವವರು ಪ್ರೀತಿಯಿಂದ ಮಾತಾಡಿದಾಗಲೇ ಹೆಚ್ಚು ಭಯ.

"ಏಕಾದಶಿ ಒಳಗೆ ತಂದುಕೊಡೋದು ನನ್ನ ಜವಾಬ್ದಾರಿ, ಅತ್ತೆ" ಎಂದು ಪಂಢರಿನಾಥ ಎದೆ ತಟ್ಟಿಕೊಂಡ.

ತಂದೂ ಬಿಡುತ್ತಿದ್ದ. ಆದರೆ ಆ ಭಾನುವಾರ ಸ್ಲೇಟು ಕೊಳ್ಳಲು ಹೊರಟವನು ಬಿಸಿಲು ತಾಳಲಾರದೆ, ಎ.ಸಿ. ಇದೆಯೆಂಬ ಒಂದೇ ಕಾರಣಕ್ಕೆ, ಒಂದು ಸಭಾಂಗಣಕ್ಕೆ ನುಗ್ಗಿದ. ಅಲ್ಲಿ ಖಾದಿ ಅಂಗಿಯ ಯುವಕನೊಬ್ಬ 'ಕೊಳ್ಳುವವನ ಆತ್ಮಸಾಕ್ಷಿ' ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಿದ್ದ. ಹೊರಗೆ ಬಂದಾಗ ಪಂಢರಿನಾಥನ ಅಂಗಿ ಒಣಗಿತ್ತು, ಆತ್ಮಸಾಕ್ಷಿ ತೊಯ್ದು ತೊಪ್ಪೆಯಾಗಿತ್ತು.

"ಒಂದು ವಸ್ತು ಕೊಳ್ಳೋದು ಅಂದ್ರೆ ಓಟು ಹಾಕಿದ ಹಾಗೆ, ಜಯಾ" ಎಂದ, ಬರಿಗೈಯಲ್ಲಿ ಬಂದು.

"ಹಾಗಾದ್ರೆ ಬೇಗ ಹಾಕಿ. ಅತ್ತೆ ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತಿದಾರೆ" ಎಂದಳು ಜಯಲಕ್ಷ್ಮೀ.

ಏಕಾದಶಿ ಬಂತು. ವ್ರತದ ಪ್ರಕಾರ ಮೊದಲ ತಿಂಗಳು ಸುಗುಣತ್ತೆ ತರಕಾರಿ ಬಿಟ್ಟರು. ಪಂಢರಿನಾಥ ಝಂಬಾರಾ ಕಂಪನಿಯನ್ನು ಬಿಟ್ಟ. ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಮನೆ ಬಾಗಿಲಿಗೆ ತಂದುಕೊಡುವ ಝಂಬಾರಾ ಓದೋ ಸ್ಲೇಟನ್ನೂ ಮಾಡುತ್ತಿತ್ತು. ಲೋಕದಲ್ಲಿ ಮುಕ್ಕಾಲು ಪಾಲು ಜನ ಓದುವುದು ಅದರಲ್ಲೇ. ಆದರೆ ಅದರ ಗೋದಾಮುಗಳಲ್ಲಿ ಕೆಲಸಗಾರರು ಬಚ್ಚಲಿಗೆ ಹೋದ ನಿಮಿಷವನ್ನೂ ಸಂಬಳದಲ್ಲಿ ಕಳೆಯುತ್ತಾರಂತೆ. ಮೇಲಾಗಿ, ಅದರಲ್ಲಿ ದುಡ್ಡು ಕೊಟ್ಟು ಕೊಂಡ ಪುಸ್ತಕ ಕೊಂಡವರದಲ್ಲವಂತೆ. ಕಂಪನಿಗೆ ಮನಸ್ಸು ಬಂದರೆ ಒಂದು ಬೆಳಗ್ಗೆ ನಿಮ್ಮ ಕಪಾಟಿನಿಂದಲೇ ಮಾಯ ಮಾಡಬಹುದಂತೆ. ಎರಡನೆಯ ಕಂಪನಿ ತನ್ನ ಯಂತ್ರದ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಹೇಳಿಕೊಂಡಿತ್ತು, ಒಳಗಡೆ ಮಾತ್ರ ಒಂದು ಚಿಲಕ ಇಟ್ಟುಕೊಂಡಿತ್ತು. ಅದನ್ನೂ ಬಿಟ್ಟ. ಮೂರನೆಯದು ಎಲ್ಲ ವಿಧದಲ್ಲೂ ನಿರ್ಮಲ. ಆದರೆ ಅದರ ಒಡೆಯನ ಭಾವಮೈದುನನಿಗೆ ಯಾವುದೋ ದೇಶದಲ್ಲಿ ಒಂದು ಗಣಿ ಇತ್ತು.

"ಅಲ್ವೋ, ನಿನಗೆ ಹೆಣ್ಣು ನೋಡೋವಾಗ ನಿಮ್ಮಪ್ಪ ಗೋತ್ರ ಕೇಳಿದ, ನಕ್ಷತ್ರ ಕೇಳಿದ, ಕೇಸರಿಬಾತು ತಿಂದ, ಎದ್ದು ಬಂದ" ಎಂದರು ಸುಗುಣತ್ತೆ, ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದು. "ನೀನು ಒಂದು ಸ್ಲೇಟಿಗೆ ಭಾವಮೈದುನನ ತನಕ ಹೋಗಿದೀಯಲ್ಲೋ."

"ಅದಕ್ಕೇ ಹೀಗಾಗಿರೋದು" ಎಂದ ಪಂಢರಿನಾಥ. ಅಡುಗೆಮನೆಯಲ್ಲಿ ಒಂದು ಪಾತ್ರೆ ಬೇಕಾದದ್ದಕ್ಕಿಂತ ಜೋರಾಗಿ ಬಿತ್ತು.

ಕೊನೆಗೊಂದು ಕಂಪನಿ ಸಿಕ್ಕಿತು. ಕಂಪನಿಯಲ್ಲ, ಸಹಕಾರ ಸಂಘ. ಯೂರೋಪಿನ ಒಂದು ಮೂಲೆಯಲ್ಲಿ ಹನ್ನೊಂದು ಜನ ಸೇರಿ ಮಾಡುವ ಯಂತ್ರ. ಬೀಗವಿಲ್ಲ, ಚಿಲಕವಿಲ್ಲ. ಯಾರ ಪುಸ್ತಕವನ್ನಾದರೂ ಹಾಕಬಹುದು, ತಿರುಪು ಬಿಚ್ಚಿ ರಿಪೇರಿ ಮಾಡಿಕೊಳ್ಳಬಹುದು. ಆ ದಿನ ಪಂಢರಿನಾಥ ಎರಡು ಸಲ ಕಾಫಿ ಕುಡಿದು ಅವರಿಗೆ ಮೇಲ್ ಬರೆದ. ಉತ್ತರ ಬಂದಾಗ ಮನೆಯವರನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳಿದ: "ನಮ್ಮ ಸಂಗಾತಿಗಳೆಲ್ಲ ಬೇಸಿಗೆ ರಜೆಯಲ್ಲಿದ್ದಾರೆ. ಅವರ ವಿಶ್ರಾಂತಿಯ ಬಗ್ಗೆ ನಮಗೆ ಹೆಮ್ಮೆಯಿದೆ. ರಜೆ ಮುಗಿದ ಮೇಲೆ ತಯಾರಿಕೆಯ ಬಗ್ಗೆ ಮತ ಹಾಕುತ್ತೇವೆ. ಕನ್ನಡ ಅಕ್ಷರ ಸದ್ಯಕ್ಕೆ ಮೂಡುವುದಿಲ್ಲ. ಯಂತ್ರ ಎಲ್ಲರದೂ ಆದ್ದರಿಂದ ತಾವೇ ಮೂಡಿಸಿಕೊಳ್ಳಬಹುದು, ಸ್ವಾಗತ." ಅವನ ಕಣ್ಣಲ್ಲಿ ನೀರಾಡಿತು. "ಕೆಲಸಗಾರರನ್ನ ಹೇಗೆ ನೋಡ್ಕೋಬೇಕು ಅಂದ್ರೆ, ಹೀಗೆ!"

"ಪಾಪ, ಅವರಿಗೂ ಚಾತುರ್ಮಾಸ್ಯವೋ?" ಎಂದರು ಸುಗುಣತ್ತೆ.

"ಅಪ್ಪಾ, ಸೆಮ ಕಾಮಿಡಿ ಪಾ ನೀ" ಎಂದು ನಕ್ಕು ಅಕ್ಷಯಾ ಕಿವಿಗೆ ಮತ್ತೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು.

ಹೀಗೆ ತರಕಾರಿಯ ತಿಂಗಳು ಕಳೆದು ಮೊಸರು ಬಿಡುವ ತಿಂಗಳು ಬಂತು. ಸುಗುಣತ್ತೆ ಭೂತಗನ್ನಡಿಯಲ್ಲಿ ಒಂದೊಂದೇ ಪದ ಹಿಡಿದು ಓದುತ್ತಿದ್ದರು. ಒಂದು ದಿನ ದೇವರು ಭಕ್ತನಿಗೆ "ಮಗೂ, ನಿನಗೇನು ಬೇಕು?" ಎಂದು ಕೇಳಿದವನು ಉತ್ತರಕ್ಕಾಗಿ ಅರ್ಧ ಗಂಟೆ ನಿಂತಿರಬೇಕಾಯಿತು. ಹೆಂಗಸರು ತೂಕಡಿಸಿದರು. ಶಿವಲಿಂಗಮ್ಮ ಮಾತ್ರ ಎಚ್ಚರವಾಗಿದ್ದು, ಪ್ರೀತಿಯಿಂದ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲಿ ದೇವರೇ ಕಳಿಸಿದ ಹಾಗೆ ಕೌಶಿಕ್ ಬಂದ. ಪಂಢರಿನಾಥನ ದೊಡ್ಡಪ್ಪನ ಮಗ, ಟ್ರಿಪ್ಲಿಕೇನಿನ ಶ್ರೀನಾಥನ ಮಗ ಅವನು. ಮೊದಲ ಸಂಬಳದಲ್ಲಿ ಅಜ್ಜಿಗೆಂದು ಉಡುಗೊರೆ ತಂದಿದ್ದ. ಡಬ್ಬಿ ಬಿಚ್ಚಿದರೆ ಒಳಗೆ ಓದೋ ಸ್ಲೇಟು. ಅದರ ಬೆನ್ನ ಮೇಲೆ ಝಂಬಾರಾದ ಮುದ್ರೆ!

ಸುಗುಣತ್ತೆ ಪೂಜೆಯಲ್ಲಿದ್ದರು. ಅವರ ಕಣ್ಣಿಗೆ ಬೀಳುವ ಮೊದಲೇ ಪಂಢರಿನಾಥ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು, ಮೇಲೊಂದು ನ್ಯೂಸ್‌ಪೇಪರ್ ಮುಚ್ಚಿದ.

"ಚಿತ್ತಪ್ಪಾ, ಅದೇನು ಸತ್ತ ಇಲಿಯಾ?" ಎಂದ ಕೌಶಿಕ್.

"ಅದಕ್ಕಿಂತ ಹೆಚ್ಚು" ಎಂದು ಪಂಢರಿನಾಥ ಒಂದು ಗಂಟೆ ವಿವರಿಸಿದ. ಕೌಶಿಕ್ ಊಟಕ್ಕೂ ನಿಲ್ಲದೆ ಹೋದ.

ಸಂಜೆ ತುಳಸಿಗೆ ದೀಪ ಇಡಲು ಹೊರಬಂದ ಸುಗುಣತ್ತೆಗೆ ಪೇಪರಿನ ಗಂಟು ಕಂಡಿತು. "ಏನೋ ಅದು, ಚಪ್ಪಲಿ ಮೇಲೆ?"

"ಮುಟ್ಟಬೇಡಿ ಅತ್ತೆ. ಕೌಶಿಕ್ ತಂದದ್ದು, ಓದೋ ಸ್ಲೇಟು. ಅದನ್ನ ಒಳಗೆ ತರೋ ಹಾಗಿಲ್ಲ."

"ಯಾಕೋ?"

"ಅದರ ಹಿಂದೆ ಒಂದು ಸಾವಿದೆ." ಹಿಂದಿನ ದಿನವಷ್ಟೇ ಅವನು ಓದಿದ್ದ, ಝಂಬಾರಾದ ಗೋದಾಮಿನಲ್ಲಿ ಒಬ್ಬ ಹುಡುಗ ಕೆಲಸದ ನಡುವೆಯೇ ಕುಸಿದು ಸತ್ತನೆಂದು. "ಒಬ್ಬ ಹೋಗಿಬಿಟ್ಟ, ಅತ್ತೆ. ದೂರದ ದೇಶದಲ್ಲಿ. ಅವನು ಬೇರೆ ಯಾರೋ ಅಂತ ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ."

ಸುಗುಣತ್ತೆಯ ಮುಖ ಸಣ್ಣಗಾಯಿತು. ಸಾವಿನ ಸಲುವಾಗಿ ಒಂದು ವಸ್ತುವನ್ನು ಹೊಸಿಲಾಚೆ ಇಡುವುದಕ್ಕೆ ಅವರ ಎಪ್ಪತ್ತು ವರ್ಷದ ಬದುಕಿನಲ್ಲಿ ಇದ್ದದ್ದು ಒಂದೇ ಹೆಸರು. ಕೌಶಿಕ್ ಕೈಯಲ್ಲಿ ಬಂದ ವಸ್ತು, ಕೈ ತೊಳೆದುಕೊಳ್ಳಲಾಗದ ಸಾವು. ಯಾರೋ ದಾಯಾದಿಯೇ ಹೋಗಿರಬೇಕು. ವಯಸ್ಸಾದವಳೆಂದು ಹೆಸರು ಮುಚ್ಚಿಡುತ್ತಿದ್ದಾರೆ.

"ಅಂದ್ರೆ... ಸೂತಕ ಅಂತೀಯಾ?"

ಪಂಢರಿನಾಥನಿಗೆ ಆ ಹೋಲಿಕೆ ಬಹಳ ಹಿಡಿಸಿತು. ಖಾದಿ ಅಂಗಿಯ ಯುವಕನಿಗೂ ಹೊಳೆಯದ ಮಾತು! "ಸರಿಯಾಗಿ ಹೇಳಿದ್ರಿ ಅತ್ತೆ. ಸೂತಕವೇ. ನನಗೆ, ನಿಮಗೆ, ಇಡೀ ಮನೆಗೆ."

ಸುಗುಣತ್ತೆ ದೀಪವನ್ನು ಹಚ್ಚದೆ ಒಳಗೆ ಹೋದರು.

ಮಾರನೆಯ ದಿನದಿಂದ ದೇವರ ಗೂಡು ಮುಚ್ಚಿತು. ಸೂತಕದ ಮನೆಯಲ್ಲಿ ಪುರಾಣ ಓದುವಂತಿಲ್ಲ. ಮಣೆ ಗೋಡೆಗೊರಗಿ ನಿಂತಿತು. ಮಧ್ಯಾಹ್ನ ಬಂದ ಹೆಂಗಸರನ್ನು ಸುಗುಣತ್ತೆ ಬಾಗಿಲಲ್ಲೇ ತಡೆದು, "ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹೋಗಬೇಡಿ. ಸೂತಕದ್ದು" ಎಂದಷ್ಟೇ ಹೇಳಿದರು. ಶಿವಲಿಂಗಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಎಲ್ಲರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು. ಸ್ಪೀಕರ್ ಮೊಳಗಿತು. ಪುರಾಣದ ನಡುನಡುವೆ ಮೂಲವ್ಯಾಧಿ ಮುಲಾಮಿನ ಜಾಹೀರಾತೂ ಅದೇ ಭಕ್ತಿಯಿಂದ ಮೊಳಗಿತು. ಕಿಟಕಿಯಿಂದ ಕಿಟಕಿಗೆ ಅದು ಸುಗುಣತ್ತೆಗೂ ಕೇಳಿಸುತ್ತಿತ್ತು. ಆಕೆ ಕಿಟಕಿ ಮುಚ್ಚಿ, ಗೋಡೆ ಕಡೆ ತಿರುಗಿ ಮಲಗಿದರು.

ಜಯಲಕ್ಷ್ಮೀ ಬ್ಯಾಂಕಿನಿಂದ ಬಂದು, "ಯಾಕತ್ತೆ, ದೀಪ ಇಲ್ಲ?" ಎಂದರೆ, "ನಿನ್ನ ಗಂಡನ್ನ ಕೇಳು" ಎಂದರು. ಸ್ಲೇಟಿಗೆ ಸಂಬಂಧಪಟ್ಟ ಯಾವ ಪ್ರಶ್ನೆಯನ್ನೂ ಗಂಡನಿಗೆ ಕೇಳುವುದಿಲ್ಲವೆಂದು ಜಯಲಕ್ಷ್ಮೀ ಆ ತಿಂಗಳು ತನ್ನದೇ ಒಂದು ವ್ರತ ಹಿಡಿದಿದ್ದಳು. ಆದ್ದರಿಂದ ಕೇಳಲಿಲ್ಲ.

ಆ ಸಂಜೆ ಲಿಫ್ಟಿನ ಬಳಿ ಪಂಢರಿನಾಥನನ್ನು ಶಿವಲಿಂಗಮ್ಮನ ಗಂಡ ಹನುಮಂತಯ್ಯ ಹಿಡಿದರು. ಮಂಡ್ಯ ಕಡೆಯವರು, ರಿಟೈರಾಗಿ ಮಗ ಪ್ರತಾಪನ ಜೊತೆ ಇಲ್ಲಿರುವವರು. ಬಂದ ವರ್ಷವೇ ಫ್ಲ್ಯಾಟ್ ಸಂಘದ ಕಾರ್ಯದರ್ಶಿಯೂ ಆದವರು. ಅವರು ಪಂಢರಿನಾಥನ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಒತ್ತಿಕೊಂಡರು.

"ಇಸ್ಯ ಗೊತ್ತಾಯ್ತು ಸ್ವಾಮಿ. ಒಟ್ಟೆಗೆ ಕಿಚ್ಚಿಟ್ಟಂಗಾಯ್ತು."

ಪಂಢರಿನಾಥನಿಗೆ ರೋಮಾಂಚನವಾಯಿತು. ಒಂದು ತಿಂಗಳಿಂದ ಒಬ್ಬನೂ ಕಿವಿಗೊಡದ ವಿಷಯ! "ನಿಮಗೂ ಗೊತ್ತಾಯ್ತಾ? ನಮ್ಮ ಮನೇಲಿ ಯಾರಿಗೂ ಇದರ ಬಿಸಿ ತಟ್ಟಿಲ್ಲ, ಹನುಮಂತಯ್ಯನೋರೇ."

"ದುಕ್ಕ ಜಾಸ್ತಿ ಆದ್ರೆ ಅಂಗೇಯಾ, ಮರಗಟ್ಟೋಯ್ತದೆ. ವಯಸ್ಸು ಎಷ್ಟಾಗಿತ್ತು?"

"ಇಪ್ಪತ್ತೆಂಟು."

"ಅಯ್ ಸಿವನೇ! ಏನಾಗಿತ್ತು ಅಂತೀನಿ?"

"ಏನೂ ಆಗಿರಲಿಲ್ಲ. ಬರೀ ಕೆಲಸ. ನೀರು ಕುಡಿಯೋಕೂ ಬಿಡ್ತಿರಲಿಲ್ಲವಂತೆ. ನಿಂತ ಹಾಗೇ ಬಿದ್ದುಬಿಟ್ಟ."

"ಫಾರಿನ್ನಾಗಾ?"

"ಫಾರಿನ್ನೇ. ಆದರೆ ನಮ್ಮಂಥೋರೇ ಕೊಂದದ್ದು ಅಂದ್ರೂ ತಪ್ಪಿಲ್ಲ."

ಹನುಮಂತಯ್ಯ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಆಸ್ತಿ ವ್ಯಾಜ್ಯವೂ ಇರಬಹುದೆಂದು ಅವರಿಗೆ ಹೊಳೆಯಿತು. ದೊಡ್ಡ ಮನುಷ್ಯರಾದ್ದರಿಂದ ಅದನ್ನು ಕೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದರು.

ಊಟದ ಹೊತ್ತಿಗೆ ಫ್ಲ್ಯಾಟ್ ಸಂಘದ ವಾಟ್ಸಾಪ್ ಗುಂಪು ಮುಗಿದ ಕೈಗಳಿಂದ ತುಂಬಿತು. ಮುಗಿದ ಕೈ, ಅದರ ಕೆಳಗೆ ಮುಗಿದ ಕೈ, ನಡುವೆ ಒಂದು ಹೂವು, ಮತ್ತೆ ಮುಗಿದ ಕೈ. ಕಾರಿನ ಮೇಲೆ ಕಾಗೆ ಕೂತದ್ದಕ್ಕೂ ಜಗಳವಾಡುವ ಗುಂಪಿನಲ್ಲಿ ಇಂಥ ಒಗ್ಗಟ್ಟು! ಪಂಢರಿನಾಥ ಬರೆದ: "ಈ ಸಾವು ವ್ಯರ್ಥವಾಗಬಾರದು. ಇನ್ನಾದರೂ ನಾವೆಲ್ಲ ಒಂದೊಂದು ವಸ್ತುವನ್ನೂ ಯೋಚಿಸಿ ಕೊಳ್ಳೋಣ." ಇದರ ತಲೆಬುಡ ಯಾರಿಗೂ ತಿಳಿಯಲಿಲ್ಲ. ದುಃಖದಲ್ಲಿ ಮನುಷ್ಯ ಏನಾದರೂ ಮಾತಾಡುತ್ತಾನೆಂದು ಇನ್ನಷ್ಟು ಕೈಗಳು ಮುಗಿದವು.

ಪಂಢರಿನಾಥ ಕೆಲಸ ಮಾಡುತ್ತಿದ್ದದ್ದು ಪೆರುಂಗುಡಿಯಲ್ಲಿ, ಬೇರೆ ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುವ ಒಂದು ಆಫೀಸಿನಲ್ಲಿ. ಪ್ರತಾಪನೂ ಅಲ್ಲೇ ಇದ್ದ. ಹೀಗಾಗಿ ಸಾವು ಅಡ್ಯಾರಿನಿಂದ ಪೆರುಂಗುಡಿಗೆ ಪಂಢರಿನಾಥನಿಗಿಂತ ಮೊದಲೇ ತಲುಪಿತು. ಮೈಸೂರಿನ ಹುಡುಗ ಅಭಿಲಾಷ್ ಅವನಿಗೆ ಮೇಲಧಿಕಾರಿ. "ಸಾರ್, ನೀವು ಯಾಕೆ ಬಂದ್ರಿ? ಮನೆಗೆ ಹೋಗಿ. ನಿಮ್ಮ ಜೆ-ನೈನ್ ಶೀಟ್ ನಾನು ನೋಡ್ಕೋತೀನಿ. ಕ್ಲೈಂಟಿಗೂ ಹೇಳಿದೀನಿ" ಎಂದ.

"ಕ್ಲೈಂಟಿಗೂ? ಅವರೇನಂದ್ರು?"

"ತುಂಬಾ ಫೀಲ್ ಮಾಡ್ಕೊಂಡ್ರು ಸಾರ್."

ಕಾರ್ಪೊರೇಟ್ ಲೋಕದ ಹೃದಯವೂ ಕರಗುತ್ತಿದೆ! ಪಂಢರಿನಾಥ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಬಂದ. ಒಬ್ಬ ಸಾಮಾನ್ಯ ಮನುಷ್ಯ ಒಂದು ಸ್ಲೇಟನ್ನು ಹೊಸಿಲಾಚೆ ಇಟ್ಟದ್ದಕ್ಕೆ ಇಡೀ ಊರು ಎಚ್ಚೆತ್ತಿತಲ್ಲಾ. ಅತ್ತೆ ಓದು ನಿಲ್ಲಿಸಿರುವುದು ಅವನ ಗಮನಕ್ಕೂ ಬಂದಿತ್ತು. ಅವರೂ ಪ್ರತಿಭಟನೆಗೆ ಕೂತಿದ್ದಾರೆಂದು ಹೆಮ್ಮೆಪಟ್ಟ.

ಭಾನುವಾರ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಟ್ರಿಪ್ಲಿಕೇನಿನ ಶ್ರೀನಾಥ. ಒಳಗೆ ಬರಲಿಲ್ಲ. ಹೊಸಿಲಾಚೆ ಚಪ್ಪಲಿ ಸ್ಟ್ಯಾಂಡಿಗೂ ಮೈ ತಾಗದಂತೆ ಪಂಚೆ ಎತ್ತಿಕೊಂಡು ನಿಂತ.

"ಯಾರೋ ಹೋದದ್ದು?" ಎಂದು ಗುಡುಗಿದ. "ಅತ್ತೆ ಫೋನ್‌ನಲ್ಲಿ 'ಮನೇಲಿ ಸೂತಕ' ಅಂತಾರೆ, ಯಾರು ಅಂದ್ರೆ ಅಳ್ತಾರೆ. ನಾನು ನಿನ್ನ ದಾಯಾದಿ ಕಣೋ! ನಿನಗೆ ಸೂತಕ ಅಂದ್ರೆ ನನಗೂ ಸೂತಕ. ನಾಡಿದ್ದು ಮಠದಲ್ಲಿ ಆರಾಧನೆ ಸೇವೆ ನನ್ನದು, ವರ್ಷದಿಂದ ಕಾದು ತಗೊಂಡಿದೀನಿ. ಸುಮ್ಮನೆ ಇದ್ದುಬಿಡ್ತಿದ್ಯಾ? ಮೈಲಿಗೇಲಿ ಹೋಗಿ ರಾಯರ ಮುಂದೆ ನಿಂತ್ಕೋಬೇಕಿತ್ತಾ ನಾನು? ಪೈತ್ಯವಾ ನಿನಗೆ?"

"ಶ್ರೀನಾಥಣ್ಣ, ಯಾರೂ ಹೋಗಿಲ್ಲವಲ್ಲ!"

"ಹೋಗಿಲ್ಲವಾ?" ಮೆಟ್ಟಿಲ ಕಡೆಯಿಂದ ಹನುಮಂತಯ್ಯನ ದನಿ ಬಂತು. ಅವರ ಹಿಂದೆ ಶಿವಲಿಂಗಮ್ಮ, ಪ್ರತಾಪ, ಮತ್ತು ಇಬ್ಬರು ಹೊತ್ತು ತಂದ ಒಂದು ಫ್ಲೆಕ್ಸ್. ಊರಿಗೆ ತಕ್ಕ ಹಾಗೆ ಅದರ ಮೇಲೆ ತಮಿಳಿನಲ್ಲಿ ದೊಡ್ಡದಾಗಿ 'ಕಣ್ಣೀರ್ ಅಂಜಲಿ', ಎರಡು ಕಣ್ಣು, ಎರಡರಿಂದಲೂ ಒಂದೊಂದು ಹನಿ. ಕೆಳಗೆ ಸಂಘದ ಪದಾಧಿಕಾರಿಗಳೆಲ್ಲರ ನಗುಮುಖ. ನಡುವೆ ಸತ್ತವರಿಗಾಗಿ ಖಾಲಿ ಬಿಟ್ಟ ಒಂದು ದುಂಡು.

"ಕೆಳಗೆ ಕಾರ್ ಪಾರ್ಕಿಂಗ್‌ನಾಗೆ ಮೌನಾಚರಣೆ ಇಟ್ಕೊಂಡಿದೀವಿ. ಒಂದು ಫೋಟೋ ಕೊಟ್ಬುಡಿ ಸ್ವಾಮಿ, ಅಂಟಿಸ್ಬುಡ್ತೀನಿ" ಎಂದರು ಹನುಮಂತಯ್ಯ.

ಪಂಢರಿನಾಥ ದುಂಡನ್ನು ನೋಡಿದ, ದುಂಡು ಪಂಢರಿನಾಥನನ್ನು ನೋಡಿತು. ನಿಧಾನವಾಗಿ ಅವನಿಗೆ ಎಲ್ಲ ಅರ್ಥವಾಯಿತು. ಜಯಲಕ್ಷ್ಮಿಗೂ ಆಯಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೂಲ್ ಎಳೆದುಕೊಂಡು ಆರಾಮವಾಗಿ ಕೂತಳು.

"ನೋಡಿ, ಸತ್ತದ್ದು ನಿಜ" ಎಂದ ಪಂಢರಿನಾಥ. "ಆದರೆ ನಮ್ಮವನಲ್ಲ. ಅಂದರೆ, ನೀತಿಯ ದೃಷ್ಟಿಯಿಂದ ನಮ್ಮವನೇ. ಝಂಬಾರಾ ಅಂತ ಒಂದು ಕಂಪನಿ..." ಎಂದು ಶುರು ಮಾಡಿ ಗೋದಾಮು, ಬಚ್ಚಲು, ಬೀಗ, ಚಿಲಕ, ಭಾವಮೈದುನ, ಗಣಿ, ಯೂರೋಪಿನ ರಜೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಫ್ಲೆಕ್ಸ್ ಹೊತ್ತವರು ಅದನ್ನು ಗೋಡೆಗೆ ಒರಗಿಸಿದರು.

"ಅಂದ್ರೆ," ಎಂದರು ಹನುಮಂತಯ್ಯ, ಒಂದೊಂದೇ ಮಾತು ಅಳೆದು, "ಆ ಪೇಪರಿನಾಗೆ ಇರೋದು ಹೆಣದ ಸಾಮಾನಲ್ಲ. ಓದೋ ಮಿಸನ್ನು."

"ಅದೊಂದು ಮೌಲ್ಯದ ಪ್ರಶ್ನೆ, ಹನುಮಂತಯ್ಯನೋರೇ."

"ನನ್ನ ಆರಾಧನೆ?" ಎಂದ ಶ್ರೀನಾಥ. "ನನ್ನ ಮಗ ಮೊದಲ ಸಂಬಳದಲ್ಲಿ ತಂದದ್ದನ್ನ ಚಪ್ಪಲಿ ಮೇಲೆ ಇಟ್ಟೆ, ನನ್ನ ಸೇವೆಗೆ ಕಲ್ಲು ಹಾಕೋದರಲ್ಲಿದ್ದೆ, ಯಾವನೋ ಕಂಪನಿಯವನಿಗೋಸ್ಕರ!"

"ಒಬ್ಬ ಮನುಷ್ಯನಾದವನು ಎಲ್ಲಾದರೂ ಒಂದು ಕಡೆ ಗೆರೆ ಎಳೀಬೇಕು, ಅಣ್ಣ. ಝಂಬಾರಾದ ಒಂದು ಕಾಸೂ, ಒಂದು ಕಡ್ಡೀನೂ ಈ ಮನೆ ಹೊಸಿಲು ದಾಟಲ್ಲ. ಇದು ನನ್ನ ಮಾತು" ಎಂದ ಪಂಢರಿನಾಥ. ಅದೊಂದು ಭವ್ಯವಾದ ಗಳಿಗೆ ಎಂದು ಒಪ್ಪಿಕೊಳ್ಳಲೇಬೇಕು.

ಲಿಫ್ಟಿನ ಬಾಗಿಲು ತೆರೆಯಿತು. ಬಿಳಿಯ ಹೂವು, ಸೇಬು, ಬಾದಾಮಿ ತುಂಬಿದ ಒಂದು ದೊಡ್ಡ ಬುಟ್ಟಿ ಹೊರಬಂತು. ಅದನ್ನು ಹೊತ್ತವನ ಅಂಗಿಯ ಮೇಲೆ ಝಂಬಾರಾದ ಮುದ್ರೆ.

"ಪಂಢರಿನಾಥ್ ಸಾರ್ ವೀಡು ಇದಾನೇ?" ಎಂದವನು ಮನೆ ವಿಚಾರಿಸುತ್ತಿರುವಾಗಲೇ ಪಂಢರಿನಾಥನ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಬೆರಳು ಎಲ್ಲಿ ಬಿತ್ತೋ, ಅಭಿಲಾಷನ ದನಿ ಮೆಟ್ಟಿಲ ತುಂಬ ಕೇಳಿಸಿತು.

"ಸಾರ್, ಕ್ಲೈಂಟ್ ಕಳಿಸಿದ ಬುಟ್ಟಿ ಬಂತಾ? ತುಂಬಾ ದೊಡ್ಡ ಗೌರವ ಸಾರ್. ಬೇರೆ ಯಾರಿಗೂ ಹೀಗೆ ಕಳಿಸಿದ್ದಿಲ್ಲ."

"ಯಾವ... ಯಾವ ಕ್ಲೈಂಟು?"

"ಜೆ-ನೈನ್ ಸಾರ್! ನಿಮ್ಮದೇ. ಝಂಬಾರಾ. ಹೆಸರು ಹೊರಗೆ ಹೇಳಬಾರದು ಅಂತ ಜೆ-ನೈನ್ ಅಂತೀವಿ, ನಿಮಗೆ ಗೊತ್ತಿಲ್ವಾ? ಗೋದಾಮಿನ ಬ್ರೇಕ್ ನಿಮಿಷಗಳನ್ನ ಸಂಬಳದಲ್ಲಿ ಕಳೆಯೋ ಶೀಟ್ ಇದೆಯಲ್ಲ, ಈ ಆರು ವರ್ಷದಲ್ಲಿ ಅದರಲ್ಲಿ ನೀವು ಒಂದು ನಿಮಿಷ ಕೂಡ ತಪ್ಪು ಮಾಡಿಲ್ಲವಂತೆ. ಅವರಿಗೆ ನಿಮ್ಮ ಮೇಲೆ ಪ್ರಾಣ ಸಾರ್."

ಲೋಕದ ಕಂಪನಿಗಳ ಕುಲ, ಗೋತ್ರ, ಭಾವಮೈದುನರನ್ನೆಲ್ಲ ಜಾಲಾಡಿದವನಿಗೆ ತಾನು ಉಣ್ಣುವ ಅನ್ನ ಯಾವ ಗೋತ್ರದ್ದೆಂದು ಕೇಳಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಶೀಟಿನಲ್ಲಿ ಆ ಕಾಲಮ್ಮಿನ ಹೆಸರು 'ಎನ್.ಪಿ.ಎಂ.' ಎಂದಿತ್ತು, ಕೆಲಸ ಮಾಡದ ನಿಮಿಷ ಎಂಬುದರ ಇಂಗ್ಲಿಷ್ ಚುಟುಕು. ಅದು ಯಾವುದೋ ತೆರಿಗೆ ಇರಬೇಕೆಂದು ಅವನು ತಿಳಿದಿದ್ದ.

ಹನುಮಂತಯ್ಯ ಯೋಜಿಸಿದ್ದ ಮೌನಾಚರಣೆ ಕಾರ್ ಪಾರ್ಕಿಂಗಿನ ಬದಲು ಮೆಟ್ಟಿಲಲ್ಲೇ ನಡೆದುಹೋಯಿತು.

ಕೊನೆಗೆ ಒಳಗಿನಿಂದ ಸುಗುಣತ್ತೆ ಬಂದರು. ಆಕೆಗೆ ಕೇಳಬೇಕಾದದ್ದೆಲ್ಲ ಕೇಳಿಸಿತ್ತು. ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ.

"ಶ್ರೀನಾಥ, ನಿನಗೆ ಸೂತಕ ಇಲ್ಲಪ್ಪ. ನೀನು ಹೋಗಿ ಸೇವೆ ಮಾಡಿಸು" ಎಂದರು. "ಸತ್ತ ಹುಡುಗನಿಗೆ ಸದ್ಗತಿಯಾಗಲಿ. ಅವನ ನೀರಿನ ನಿಮಿಷ ಕಳೆದು ಕಳೆದು ತಿಂಗಳು ತಿಂಗಳು ಸಂಬಳ ತಂದೋನು ಇಲ್ಲಿದಾನಲ್ಲ, ಸೂತಕ ಇದ್ದರೆ ಇವನಿಗೆ. ಇವನೊಬ್ಬನಿಗೇ. ಆ ಬಡಪಾಯಿ ಸ್ಲೇಟು ಏನು ಮಾಡಿತ್ತು?"

"ಅತ್ತೆ, ನನಗೆ ಗೊತ್ತಿರಲಿಲ್ಲ..."

"ಭಾವಮೈದುನನ ಗಣಿ ಗೊತ್ತಿತ್ತಲ್ಲೋ."

ಜಯಲಕ್ಷ್ಮೀ ಸ್ಟೂಲ್ ಬಿಟ್ಟು ಎದ್ದಳು. ತಿಂಗಳಿಂದ ಹಿಡಿದಿದ್ದ ವ್ರತವನ್ನು ಮುರಿದು ಒಂದೇ ಒಂದು ಪ್ರಶ್ನೆ ಕೇಳಿದಳು. "ಹಾಗಾದ್ರೆ, ಏನ್ರೀ, ನಾಳೆ ಕೆಲಸ ಬಿಡ್ತೀರಾ?"

ಪಂಢರಿನಾಥ ಬುಟ್ಟಿಯನ್ನು ನೋಡಿದ. ಫ್ಲೆಕ್ಸಿನ ದುಂಡನ್ನು ನೋಡಿದ. ಅಕ್ಷಯಾಳ ಕಾಲೇಜು, ಫ್ಲ್ಯಾಟಿನ ಸಾಲ, ಪ್ರಾವಿಡೆಂಟ್ ಫಂಡು ಒಂದರ ಹಿಂದೊಂದು ಕಣ್ಣ ಮುಂದೆ ಮೆರವಣಿಗೆ ಹೋದವು.

"ಅದು ಹಾಗೆ ಆತುರದಲ್ಲಿ ಹೇಳೋ ವಿಷಯವಲ್ಲ, ಜಯಾ" ಎಂದ. "ಅದರ ಎಲ್ಲ ಮಗ್ಗುಲೂ ನೋಡಬೇಕು. ಸ್ವಲ್ಪ ಅಧ್ಯಯನ ಬೇಕಾಗುತ್ತೆ."

"ವಿಡು ಪಾಟ್ಟಿ" ಎಂದು ಅಜ್ಜಿಗೆ ಬಿಟ್ಟುಬಿಡಲು ಹೇಳಿದಳು ಅಕ್ಷಯಾ, ಹೆಡ್‌ಫೋನ್ ತೆಗೆದು. ಆ ದಿನ ಅವಳು ಆಡಿದ ಮೊದಲ ಮಾತು ಅದು.

ಸುಗುಣತ್ತೆ ಒಂದು ಚೊಂಬು ನೀರು ತಂದು ನೇರ ಚಪ್ಪಲಿ ಸ್ಟ್ಯಾಂಡಿಗೆ ಹೋದರು. ಅಷ್ಟು ದಿನ ಸೂತಕದಲ್ಲಿದ್ದ ವಸ್ತುವಿಗೆ ಸ್ನಾನ ಮಾಡಿಸದೆ ಒಳಗೆ ತರುವುದು ಹೇಗೆ? ಅಕ್ಷಯಾ "ವೇಣಾ ಪಾಟ್ಟೀ!" ಎಂದು ಕಿರುಚಿ ಹಾರಿ ಚೊಂಬು ಹಿಡಿಯದಿದ್ದರೆ ಈ ಕಥೆ ಬೇರೆ ರೀತಿಯಲ್ಲಿ ಮುಗಿಯುತ್ತಿತ್ತು. ಒಂದು ತುಳಸಿದಳದ ತುದಿಯಿಂದ ಒಂದು ಹನಿ ಪ್ರೋಕ್ಷಣೆಗೆ ರಾಜಿಯಾಯಿತು. ಸುಗುಣತ್ತೆ ಸ್ಲೇಟನ್ನು ಸೆರಗಿನಲ್ಲಿ ಒರೆಸಿ, ಎದೆಗವಚಿಕೊಂಡು ಹೊಸಿಲು ದಾಟಿಸಿದರು. ಪುರಾಣವನ್ನು ಅಕ್ಷಯಾ ಎಲ್ಲಿಂದಲೋ ಇಳಿಸಿ, ನಾಲ್ಕು ಸಲ ಬೆರಳಾಡಿಸುವಷ್ಟರಲ್ಲಿ ಅದರೊಳಗೆ ಸೇರಿಸಿಬಿಟ್ಟಳು. ಬೀಗ, ಚಿಲಕ ಯಾವುದೂ ಅವಳಿಗೆ ಅಡ್ಡ ಬಂದಂತೆ ಕಾಣಲಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಾಗಿ, ಶಿಸ್ತಾಗಿ ನಿಂತವು.

ಅಂದು ಮಧ್ಯಾಹ್ನ ಮಣೆ ಮತ್ತೆ ಬಿತ್ತು. ಹೆಂಗಸರೆಲ್ಲ ಬಂದರು. ಶಿವಲಿಂಗಮ್ಮನೂ ಬಂದು, ಫ್ಯಾನಿನ ಕೆಳಗೆ ಜಾಗ ಹಿಡಿದು, "ಆ ಸ್ಪೀಕರ್‌ನಾಗೆ ಪುರಾಣಕ್ಕಿಂತ ಮುಲಾಮೇ ಜಾಸ್ತಿ ಕಣ್ರಮ್ಮ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಸೋಲೊಪ್ಪಿಕೊಂಡರು. ಸುಗುಣತ್ತೆ ಅಕ್ಷರವನ್ನು ಎಷ್ಟು ದಪ್ಪ ಮಾಡಿಕೊಂಡಿದ್ದರೆಂದರೆ ಒಂದು ಪುಟಕ್ಕೆ ನಾಲ್ಕೈದು ಪದವಷ್ಟೇ ಹಿಡಿಯುತ್ತಿತ್ತು. ಅವರು ಓದಿ ನಿಲ್ಲುವರು, ಮುಂದಿನ ಪುಟ ಮೂಡುವ ಮೊದಲು ತೆರೆ ಒಮ್ಮೆ ಕಪ್ಪಾಗಿ ಬಿಳಿಯಾಗುವುದು, ಅಷ್ಟು ಹೊತ್ತೂ ಹೆಂಗಸರು ಉಸಿರು ಬಿಗಿಹಿಡಿದಿರುವರು.

ಪಂಢರಿನಾಥನಿಗೆ ಒಳಗೆ ಜಾಗವಿರಲಿಲ್ಲ. ಹೊರಗಡೆ ಫ್ಲೆಕ್ಸ್ ಒರಗಿಸಿತ್ತು. ಆದ್ದರಿಂದ ಅವನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊಸಿಲ ಮೇಲೆಯೇ ಕೂತಿದ್ದ. ಪರದೆಯ ಒಂದು ಅರ್ಧದಲ್ಲಿ ರಾಜೀನಾಮೆ ಪತ್ರ, "ಮಾನ್ಯರೇ" ಎಂಬಲ್ಲಿಗೆ ನಿಂತಿತ್ತು. ಇನ್ನೊಂದು ಅರ್ಧದಲ್ಲಿ ಜೆ-ನೈನ್ ಶೀಟು. ಸೋಮವಾರಕ್ಕೆ ಕೊಡಬೇಕಾದದ್ದು.

"ಆ ರಕ್ಕಸ ವರ ಕೇಳಿದ," ಎಂದು ಓದಿದರು ಸುಗುಣತ್ತೆ. ಪುಟ ಕಪ್ಪಾಯಿತು, ಬಿಳಿಯಾಯಿತು. "ನನಗೆ ಸಾವು ಮನೆಯೊಳಗೂ ಬರಬಾರದು," ಮತ್ತೆ ಕಪ್ಪು, ಮತ್ತೆ ಬಿಳಿ, "ಹೊರಗೂ ಬರಬಾರದು."

ಒಬ್ಬೊಬ್ಬರಾಗಿ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಕನ್ನಡ ಬಾರದ ಇಬ್ಬರು ಮೂವರೂ ತಿರುಗಿದರು.

ಸುಗುಣತ್ತೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಹೇಳಿದರು: "ಪಂಢರಿ, ಹೊಸಿಲ ಮೇಲೆ ಕೂತ್ಕೋಬೇಡ್ವೋ. ಮುಂದಿನ ಪುಟದಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು."

ಪಂಢರಿನಾಥ ಗಡಬಡಿಸಿ ಒಂದು ಕಾಲನ್ನು ಒಳಕ್ಕೆ ಎಳೆದುಕೊಂಡ. ಒಂದು ಕ್ಷಣ ಯೋಚಿಸಿದ. ಆಮೇಲೆ ಇನ್ನೊಂದನ್ನು ಹೊರಕ್ಕೆ ಚಾಚಿ, ಶೀಟಿನ ಮುಂದಿನ ಸಾಲಿಗೆ ಹೋದ.